ಪಹಣಿ ನಮ್ಮದು, ಬೀಗದ ಕೈ ಯಾರದು?

ಬಳ್ಳಾರಿ ಜಿಲ್ಲೆಯ ಗಡಿರೇಖೆ ಒಂದೆಡೆ ನಿಂತದ್ದು ಕಡಿಮೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಬಿಟ್ಟುಕೊಟ್ಟು ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಎರಡು ದಶಕಗಳ ನಂತರ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯನ್ನು ಸೇರಿತು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಕುರುಗೋಡಿನ ಹೆಸರಿತ್ತು. ಅದು ಬಳ್ಳಾರಿ ತಾಲ್ಲೂಕಿನಿಂದ ಬೇರೆಯಾಯಿತು. ಇಂಥ ಪ್ರತಿ ಬದಲಾವಣೆಯಲ್ಲೂ ಜನ ತಂತಮ್ಮ ಮನೆಯಲ್ಲೇ ಇರುತ್ತಾರೆ. ಊರು ಬಿಟ್ಟು ಹೊರಡುವುದು ಕಡತಗಳು ಮಾತ್ರ.

ಕಾಗದದ ಕಾಲದಲ್ಲಿ ಕಡತ ಸಾಗಿಸುವುದು ಶ್ರಮದ ಕೆಲಸವಾಗಿತ್ತು, ನಿಜ. ಆದರೆ ಅದಕ್ಕೆ ಮೂರನೆಯವರೊಬ್ಬರ ಅಪ್ಪಣೆ ಬೇಕಿರಲಿಲ್ಲ. ಅಕ್ಷರ ಬಲ್ಲ ಯಾವ ಗುಮಾಸ್ತನಾದರೂ ಕಟ್ಟು ಬಿಚ್ಚಿ ಓದಬಹುದಾಗಿತ್ತು. ಗಣಕಯಂತ್ರದೊಳಗಿನ ಕಡತದ ಸ್ವಭಾವ ಹಾಗಲ್ಲ. ಅದನ್ನು ಬರೆದಿಟ್ಟ ತಂತ್ರಾಂಶವೇ ಅದನ್ನು ಓದಿ ಹೇಳಬೇಕು. ತಂತ್ರಾಂಶ ಬಾಯಿ ಮುಚ್ಚಿದರೆ ಕಡತ ಇದ್ದೂ ಇಲ್ಲದಂತೆ. ಹಾಗಾದರೆ ಆ ತಂತ್ರಾಂಶ ಯಾರದು, ಅದರ ಷರತ್ತುಗಳನ್ನು ಬರೆಯುವವರು ಯಾರು ಎಂಬ ಪ್ರಶ್ನೆ ಕೇವಲ ಎಂಜಿನಿಯರುಗಳಿಗೆ ಬಿಡುವಂಥದ್ದಲ್ಲ.

ಸರ್ಕಾರಿ ಇಲಾಖೆಗಳು, ನ್ಯಾಯಾಲಯಗಳು, ಷೇರು ದಲ್ಲಾಳಿ ಸಂಸ್ಥೆಗಳು, ಈಚೆಗೆ ಹುಟ್ಟಿದ ಮೊಬೈಲ್ ಆ್ಯಪ್ ಕಂಪನಿಗಳು ಒಂದೊಂದಾಗಿ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮರಿಯಾಡಿಬಿ ಮುಂತಾದ ಮುಕ್ತ ಡೇಟಾಬೇಸ್‌ಗಳ ಕಡೆಗೆ ವಾಲುತ್ತಿರುವುದು ಏಕೆ ಎಂದು ಕೇಳಿದರೆ ಬರುವ ಮೊದಲ ಉತ್ತರ, ಅವು ಪುಕ್ಕಟೆ ಸಿಗುತ್ತವೆ ಎಂಬುದು. ಈ ಉತ್ತರ ಸುಳ್ಳಲ್ಲ. ಆದರೆ ಇದರಿಂದ ನನಗೆ ಸಮಾಧಾನವಿಲ್ಲ. ಕಾರಣವನ್ನು ನಮ್ಮ ಪಹಣಿಯಿಂದಲೇ ಆರಂಭಿಸಿ ಹೇಳುವುದು ಸುಲಭ.

ಪಹಣಿಯ 9ನೇ ಕಾಲಂನಲ್ಲಿ ಖಾತೆದಾರನ ಹೆಸರು, 11ನೇ ಕಾಲಂನಲ್ಲಿ ಋಣಭಾರ ಮತ್ತು ಹಕ್ಕುಗಳು ಇರುತ್ತವೆ. ಸಿರುಗುಪ್ಪದ ರೈತನೊಬ್ಬ ತನ್ನ ಎರಡು ಎಕರೆ ಗದ್ದೆ ಮಾರಿದನೆನ್ನಿ. ಮುಟೇಶನ್ ಆಗುವಾಗ ಮಾರಿದವನ ಹೆಸರು ಹೋಗಬೇಕು, ಕೊಂಡವನ ಹೆಸರು ಬರಬೇಕು. ನಡುವೆ ವಿದ್ಯುತ್ ಕೈಕೊಟ್ಟು ಮೊದಲ ಕೆಲಸ ಮುಗಿದು ಎರಡನೆಯದು ನಿಂತರೆ, ಯಾರ ಹೆಸರೂ ಇಲ್ಲದ ಗದ್ದೆಯೊಂದು ದಾಖಲೆಯಲ್ಲಿ ಹುಟ್ಟುತ್ತದೆ. ಆದರೆ ಎರಡೂ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬ ಕಟ್ಟುನಿಟ್ಟನ್ನು ಪಾಲಿಸುವುದೇ ಇಂಥ ಡೇಟಾಬೇಸಿನ ಮುಖ್ಯ ಕಸುಬು. ಮಾಹಿತಿಯನ್ನು ಕೋಷ್ಟಕಗಳಲ್ಲಿರಿಸಿ, ಖಾತೆ ನಂಬರು, ಸರ್ವೆ ನಂಬರುಗಳಂಥ ಕೊಂಡಿಗಳಿಂದ ಅವುಗಳ ನಡುವೆ ಸಂಬಂಧ ಕಲ್ಪಿಸುವ ಈ ವಿಧಾನವನ್ನು ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಬಂಧವೊಂದರಲ್ಲಿ ಮಂಡಿಸಿದರು. ಅರ್ಧ ಶತಮಾನ ಕಳೆದರೂ ಹಣ, ಹೊಲ, ಹಾಜರಿ, ತೀರ್ಪುಗಳ ಲೆಕ್ಕವಿಡಲು ಇದನ್ನು ಮೀರಿಸಿದ ದಾರಿ ಸಿಕ್ಕಿಲ್ಲ. ಒಂದು ಸಾಲಿನ ತೂಕ ಎಷ್ಟೆಂಬುದು ನಮ್ಮ ರೈತರಿಗೆ ಗೊತ್ತು: 2024ರ ಕೊನೆಯಲ್ಲಿ ವಕ್ಫ್ ವಿವಾದ ಎದ್ದಾಗ ಎಷ್ಟೋ ಮಂದಿ ಮೊದಲು ಮಾಡಿದ ಕೆಲಸ ತಮ್ಮ ಪಹಣಿಯ 11ನೇ ಕಾಲಂ ತೆಗೆದು ನೋಡಿದ್ದು.

ಕರ್ನಾಟಕದ ಭೂಮಿ ಯೋಜನೆ ಈ ಸಹಸ್ರಮಾನದ ಆರಂಭದಲ್ಲಿ ದೇಶಕ್ಕೇ ಮಾದರಿಯೆನಿಸಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಗಣಕೀಕೃತವಾದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಮುದ್ರಿತ ಪ್ರತಿ ಕೈಗೆ ಬರತೊಡಗಿತು. ಅಂದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅದನ್ನು ಕಟ್ಟಿದ್ದು ಮೈಕ್ರೋಸಾಫ್ಟ್ ಕಂಪನಿಯ ಎಸ್‌ಕ್ಯೂಎಲ್ ಸರ್ವರ್ ಮೇಲೆ. ಆ ಆಯ್ಕೆಯನ್ನು ಇಂದು ಕುಳಿತು ಹಳಿಯುವುದು ಸಲ್ಲದು. ಆಗ ತಾಲ್ಲೂಕು ಮಟ್ಟದಲ್ಲಿ ಲಿನಕ್ಸ್ ಬಲ್ಲವರನ್ನು ಎಲ್ಲಿಂದ ತರಬೇಕಿತ್ತು? ಮುಕ್ತ ಡೇಟಾಬೇಸ್‌ಗಳೂ ಆಗಿನ್ನೂ ಎಳೆಯವು. ಆದರೂ ಒಂದು ಮಾತು ಗಮನಿಸಬೇಕು. ಆ ಕಾಲದ ಎಸ್‌ಕ್ಯೂಎಲ್ ಸರ್ವರ್ 7ನೇ ಆವೃತ್ತಿಗೆ ಕಂಪನಿಯ ಬೆಂಬಲ 2011ರ ಜನವರಿಯಲ್ಲಿ ಕೊನೆಗೊಂಡಿತು. 2008ರ ಆವೃತ್ತಿಯದು 2019ರ ಜುಲೈಯಲ್ಲಿ. ತಂತ್ರಾಂಶಕ್ಕೆ ಹತ್ತು ಹನ್ನೆರಡು ವರ್ಷದ ಆಯುಷ್ಯವೆಂದು ಕಂಪನಿ ನಿಗದಿ ಮಾಡಬಹುದು. ಅಜ್ಜನ ಹೆಸರಿನಲ್ಲಿರುವ ಪಹಣಿಗೆ ಅಂಥ ಆಯುಷ್ಯವನ್ನು ಯಾರು ನಿಗದಿ ಮಾಡುತ್ತಾರೆ? ಪೋಸ್ಟ್‌ಗ್ರೆಸ್‌ನ ಪ್ರತಿ ಆವೃತ್ತಿಯ ನಿರ್ವಹಣೆಗೂ ಐದು ವರ್ಷದ ಮಿತಿಯಿದೆ. ಈ ವಿಷಯದಲ್ಲಿ ಅದೇನೂ ಉದಾರವಲ್ಲ. ವ್ಯತ್ಯಾಸವಿರುವುದು ಮುಂದಿನ ಆವೃತ್ತಿಗೆ ಹೋಗಲು ಹೊಸ ಪರವಾನಗಿ ಕೊಳ್ಳಬೇಕಿಲ್ಲ, ಹಳೆಯದರಲ್ಲೇ ಉಳಿಯಬೇಕಾದರೆ ಅದರ ಆಕರ ಸಂಕೇತ ನಮ್ಮ ಕೈಯಲ್ಲೇ ಇರುತ್ತದೆ ಎಂಬಲ್ಲಿ.

ಬೀಗದ ಕೈಯ ಈ ವಿಷಯ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನಿರುವ ಕಂಟೋನ್ಮೆಂಟ್ ಪ್ರದೇಶದ ಪತ್ತಿನ ಸಹಕಾರ ಸಂಘವೊಂದರಲ್ಲಿ ಕೆಲವು ವರ್ಷ ನಾನು ನಿರ್ದೇಶಕನಾಗಿದ್ದೆ. ಸಂಘದ ಹೆಸರು ಇಲ್ಲಿ ಬೇಡ. ಷೇರು, ಠೇವಣಿ, ಸಾಲಗಳ ಲೆಕ್ಕಕ್ಕೆ ಹೊರಗಿನವರೊಬ್ಬರಿಂದ ತಂತ್ರಾಂಶ ಬರೆಸಿದ್ದೆವು. ಆರೇಳು ವರ್ಷ ಅದು ಚೆನ್ನಾಗಿಯೇ ನಡೆಯಿತು. ಬರೆದುಕೊಟ್ಟವರು ಅಂಗಡಿ ಮುಚ್ಚಿ ಊರು ಬಿಟ್ಟರು. ಮುಂದಿನ ಏಪ್ರಿಲ್‌ನಲ್ಲಿ ತಂತ್ರಾಂಶ ತನ್ನ ವಾರ್ಷಿಕ ಸಂಖ್ಯೆ ಕೇಳಿತು. ಆ ಸಂಖ್ಯೆ ಕೊಡಬೇಕಾದವರು ಫೋನ್ ಎತ್ತಲಿಲ್ಲ. ಕಡತ ಅದೇ ಯಂತ್ರದಲ್ಲಿ, ಕಾರ್ಯದರ್ಶಿಯ ಮೇಜಿನ ಮೇಲೆ ಇತ್ತು. ಅದಕ್ಕೊಂದು ಗುಪ್ತಪದವಿತ್ತು, ಅದು ಅವರಿಗೆ ಮಾತ್ರ ಗೊತ್ತಿತ್ತು. ಲೆಕ್ಕ ಪರಿಶೋಧಕರು ಬಂದು ಕುಳಿತಿದ್ದರು. ಸದಸ್ಯರ ಪಾಸ್ ಬುಕ್ಕುಗಳನ್ನು ಮನೆಮನೆಯಿಂದ ತರಿಸಿ, ಹಳೆಯ ಮುದ್ರಿತ ಪಟ್ಟಿಗಳನ್ನು ಹುಡುಕಿ, ಇಬ್ಬರು ಹುಡುಗರನ್ನು ಕೂರಿಸಿ ಮೂರು ತಿಂಗಳು ಮತ್ತೆ ಟೈಪು ಮಾಡಿಸಿದೆವು. ಪಾಸ್ ಬುಕ್ ಕಳೆದುಕೊಂಡವರ ವಿಷಯದಲ್ಲಿ ಅವರ ಮಾತನ್ನೇ ನಂಬಬೇಕಾಯಿತು. ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು, ‘ನನ್ನ ದುಡ್ಡು ಎಷ್ಟೆಂದು ನಾನೇ ನಿಮಗೆ ಹೇಳಬೇಕೇನ್ರೀ?’ ಎಂದು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಮುಖ ನನಗೆ ಇನ್ನೂ ನೆನಪಿದೆ.

ನಮ್ಮದು ಸಣ್ಣ ಸಂಘ, ಮೋಸಹೋದದ್ದೂ ಸಣ್ಣವರಿಂದ ಎನ್ನಬಹುದು. ದೊಡ್ಡವರ ಕಥೆಯೂ ಬಹಳ ಭಿನ್ನವೇನಲ್ಲ. 2025ರ ಜುಲೈಯಲ್ಲಿ ಐರೋಪ್ಯ ಒಕ್ಕೂಟ ನಿರ್ಬಂಧ ವಿಧಿಸಿದ ಬೆನ್ನಿಗೇ, ಗುಜರಾತಿನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿ ಕಂಪನಿಗೆ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ತಡೆಹಿಡಿಯಿತು. ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಅಲ್ಲಿ ನಿಂತದ್ದು ಮಿಂಚಂಚೆ ಮುಂತಾದ ಸೇವೆಗಳೇ ಹೊರತು ಡೇಟಾಬೇಸ್ ಅಲ್ಲ. ಆದರೂ ಪರವಾನಗಿ ಎಂಬುದು ಖರೀದಿಯಲ್ಲ, ಅನುಮತಿ ಮಾತ್ರ ಎಂಬ ಹಳೆಯ ಸತ್ಯ ಆ ವಾರ ಅನೇಕ ಕಂಪನಿಗಳ ಆಡಳಿತ ಮಂಡಳಿಗಳಿಗೆ ಹೊಸದಾಗಿ ಹೊಳೆದಿರಬೇಕು.

ಇನ್ನು ಹಣದ ಮಾತು. ಒರ‍್ಯಾಕಲ್ ಕಂಪನಿಯ ಪ್ರಕಟಿತ ಬೆಲೆಪಟ್ಟಿಯಲ್ಲಿ ಎಂಟರ್‌ಪ್ರೈಸ್ ಆವೃತ್ತಿಯ ಒಂದು ಪ್ರೊಸೆಸರ್ ಪರವಾನಗಿಗೆ 47,500 ಡಾಲರ್ ಎಂದು ಬಹುಕಾಲದಿಂದ ಇದೆ. ಅದರ ಮೇಲೆ ಪ್ರತಿವರ್ಷ ಶೇ 22ರಷ್ಟು ಬೆಂಬಲ ಶುಲ್ಕ. ದೊಡ್ಡ ಗ್ರಾಹಕರು ಚೌಕಾಸಿ ಮಾಡಿ ಇದನ್ನು ಇಳಿಸಿಕೊಳ್ಳುತ್ತಾರೆ, ಆದ್ದರಿಂದ ನಿಜವಾದ ಬೆಲೆ ಎಷ್ಟೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಒಂದು ಕಚೇರಿಗೆ ಒಂದೇ ಸರ್ವರ್ ಇದ್ದ ಕಾಲದಲ್ಲಿ ಈ ಖರ್ಚನ್ನು ಹೇಗೋ ತಾಳಿಕೊಳ್ಳಬಹುದಿತ್ತು. ಇಂದಿನ ಆ್ಯಪ್‌ಗಳ ರಚನೆ ಬೇರೆ. ಕೆಲಸ ಮಾಡುವ ಡೇಟಾಬೇಸ್ ಒಂದು, ಅದು ಬಿದ್ದರೆ ಎದ್ದು ನಿಲ್ಲಲು ಮತ್ತೊಂದು, ವರದಿ ತೆಗೆಯಲು ಇನ್ನೊಂದು, ಹೊಸ ಬದಲಾವಣೆಯನ್ನು ಪರೀಕ್ಷಿಸಲು ಮಗುದೊಂದು, ಪ್ರತಿ ಎಂಜಿನಿಯರನ ಲ್ಯಾಪ್‌ಟಾಪಿನಲ್ಲಿ ಒಂದೊಂದು. ಜಾತ್ರೆಯ ದಿನ ಅಂಗಡಿ ಹಾಕಿದಂತೆ ದಟ್ಟಣೆ ಹೆಚ್ಚಿದ ದಿನ ಹತ್ತು ಯಂತ್ರ ಸೇರಿಸಿ ಮರುದಿನ ತೆಗೆಯಬೇಕು. ಪ್ರತಿಯೊಂದು ನಕಲಿಗೂ ಎಣಿಸಿ ದುಡ್ಡು ಕೊಡಬೇಕಾದಾಗ ಸಂಸ್ಥೆಗಳು ಮೊದಲು ಕೈಬಿಡುವುದು ಆ ಎದ್ದು ನಿಲ್ಲುವ ಎರಡನೆಯ ಪ್ರತಿಯನ್ನೇ. ಮುಕ್ತ ಡೇಟಾಬೇಸಿನ ನಿಜವಾದ ಅಗ್ಗತನ ಇರುವುದು ಇಲ್ಲಿ: ಎಷ್ಟು ನಕಲು ಬೇಕೆಂಬುದನ್ನು ಎಂಜಿನಿಯರು ನಿರ್ಧರಿಸಬಹುದು, ಲೆಕ್ಕಪತ್ರ ವಿಭಾಗವಲ್ಲ.

ಆದರೆ ‘ಮುಕ್ತ’ ಎಂಬ ಹಣೆಪಟ್ಟಿಯೊಂದೇ ಸಾಲದು ಎಂಬುದಕ್ಕೆ ಮೈಎಸ್‌ಕ್ಯೂಎಲ್ ಚರಿತ್ರೆ ಸಾಕ್ಷಿ. 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಅದನ್ನು 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ 100 ಕೋಟಿ ಡಾಲರಿಗೆ ಕೊಂಡಿತು. 2010ರಲ್ಲಿ ಸನ್ ಕಂಪನಿಯೇ ಒರ‍್ಯಾಕಲ್ ಪಾಲಾಯಿತು. ಜಗತ್ತಿನ ಅತಿ ಜನಪ್ರಿಯ ಮುಕ್ತ ಡೇಟಾಬೇಸ್ ಅದರ ಪ್ರತಿಸ್ಪರ್ಧಿಯ ಮನೆ ಸೇರಿತು. ಮೂಲ ಕರ್ತೃಗಳಲ್ಲಿ ಒಬ್ಬರಾದ ಮೈಕಲ್ ವಿಡೇನಿಯಸ್ ಅದೇ ಸಂಕೇತದಿಂದ ಮರಿಯಾಡಿಬಿ ಎಂಬ ಕವಲನ್ನು ಬೆಳೆಸಿದರು. ಮೈ ಮತ್ತು ಮರಿಯಾ ಅವರ ಹೆಣ್ಣುಮಕ್ಕಳ ಹೆಸರುಗಳು. ಮನೆ ಮಾರಾಟವಾದರೂ ಬೀಜ ಕೈಯಲ್ಲಿತ್ತು, ಬೇರೆಡೆ ಬಿತ್ತಿದರು. ಪರವಾನಗಿ ಅದಕ್ಕೆ ಅವಕಾಶ ಕೊಟ್ಟಿತ್ತು. ಪೋಸ್ಟ್‌ಗ್ರೆಸ್‌ನ ಸ್ಥಿತಿ ಇನ್ನೂ ಭದ್ರ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಆರಂಭಿಸಿದ ಈ ಯೋಜನೆ 1996ರಿಂದ ಜಗತ್ತಿನಾದ್ಯಂತ ಹರಡಿರುವ ತಂತ್ರಜ್ಞರ ಗುಂಪಿನ ಕೈಯಲ್ಲಿದೆ. ಅದಕ್ಕೆ ಒಡೆಯನೇ ಇಲ್ಲದ ಕಾರಣ ಅದನ್ನು ಕೊಳ್ಳುವಂತೆಯೂ ಇಲ್ಲ. ನಕ್ಷೆಗಳನ್ನು, ಹೊಲದ ಚಕ್ಕುಬಂದಿಯನ್ನು ಪಹಣಿಯ ಪಕ್ಕದಲ್ಲೇ ಇರಿಸಬಲ್ಲ ಪೋಸ್ಟ್‌ಜಿಐಎಸ್ ಎಂಬ ಜೋಡಣೆಯನ್ನು 2001ರಲ್ಲಿ ಕಟ್ಟಿದ್ದು ಕೆನಡಾದ ಒಂದು ಕಂಪನಿ, ಯಾರ ಅಪ್ಪಣೆಯನ್ನೂ ಕೇಳದೆ.

ಭಾರತ ಸರ್ಕಾರ 2015ರ ಮಾರ್ಚಿಯಲ್ಲಿ ಮುಕ್ತ ತಂತ್ರಾಂಶ ನೀತಿಯನ್ನು ಪ್ರಕಟಿಸಿತು. ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು, ಬೇಡವೆಂದರೆ ಏಕೆಂದು ಕಾರಣ ಹೇಳಬೇಕು ಎಂಬುದು ಅದರ ಸಾರ. ನ್ಯಾಯಾಂಗ ಇದಕ್ಕೆ ಮೊದಲೇ ಆ ದಾರಿ ಹಿಡಿದಿತ್ತು. ಇ-ಕೋರ್ಟ್ಸ್ ಯೋಜನೆಯಲ್ಲಿ ನ್ಯಾಯಾಧೀಶರಿಗೆ ಉಬುಂಟು ಲಿನಕ್ಸ್ ತರಬೇತಿ ಕೊಡಲಾಯಿತು. ಜಿಲ್ಲಾ ನ್ಯಾಯಾಲಯಗಳ ಪ್ರಕರಣ ಮಾಹಿತಿ ವ್ಯವಸ್ಥೆ ಇಂದು ನಿಂತಿರುವುದು ಪೋಸ್ಟ್‌ಗ್ರೆಸ್ ಮೇಲೆ. ಬಳ್ಳಾರಿಯ ವಕೀಲರು ಮೊಬೈಲಿನಲ್ಲಿ ಮುಂದಿನ ದಿನಾಂಕ ನೋಡುವಾಗ ಆ ಉತ್ತರ ಬರುವುದು ಅಲ್ಲಿಂದಲೇ. ಗ್ರಂಥಾಲಯಗಳಿಗಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ಇ-ಗ್ರಂಥಾಲಯ ತನ್ನ 4ನೇ ಆವೃತ್ತಿಯಲ್ಲಿ ಮೈಕ್ರೋಸಾಫ್ಟಿನ ಡೇಟಾಬೇಸ್ ಬಿಟ್ಟು ಪೋಸ್ಟ್‌ಗ್ರೆಸ್‌ಗೆ ಬಂತು. ಆಧಾರ್ ವ್ಯವಸ್ಥೆಯಲ್ಲಿ ಮೈಎಸ್‌ಕ್ಯೂಎಲ್ ಇದೆ. ಬೆಂಗಳೂರಿನ ಇಗವರ್ನಮೆಂಟ್ಸ್ ಫೌಂಡೇಶನ್ ನಗರಾಡಳಿತಕ್ಕಾಗಿ ಕಟ್ಟಿದ ಡಿಜಿಟ್ ವೇದಿಕೆಯೂ ಪೋಸ್ಟ್‌ಗ್ರೆಸ್ ಆಧರಿಸಿದ್ದೇ.

ಇಷ್ಟು ಹೇಳಿ ಜೈಕಾರ ಹಾಕಿದರೆ ಅದು ಅರ್ಧ ಸತ್ಯವಾದೀತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಹೋದದ್ದನ್ನು ಸಿರುಗುಪ್ಪದ ಭತ್ತದ ರೈತರು ಮರೆಯುವಂತಿಲ್ಲ. ಅಣೆಕಟ್ಟೆ ನಮ್ಮದೇ, ನೀರು ನಮ್ಮದೇ, ಗೇಟಿನ ಕೀಲಿಯೂ ನಮ್ಮವರ ಕೈಯಲ್ಲೇ ಇತ್ತು. ಇಲ್ಲದಿದ್ದುದು ಹಳತಾದ ಚೈನಿನ ಮೇಲಿನ ನಿಗಾ. ಡೇಟಾಬೇಸಿಗೂ ಇದೇ ನ್ಯಾಯ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಸಂಸ್ಥೆಯ ಎಂಜಿನಿಯರೊಬ್ಬರು ದಣಿದ ರಾತ್ರಿಯಲ್ಲಿ ಬೇರೆ ಯಂತ್ರವೆಂದು ಭ್ರಮಿಸಿ ಮುಖ್ಯ ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ಅಳಿಸಿದರು. ನಕಲು ತೆಗೆಯಲು ಐದು ವಿಧದ ವ್ಯವಸ್ಥೆ ಇದ್ದರೂ ಸರಿಯಾಗಿ ಕೈಗೆ ಬಂದದ್ದು ಒಂದೂ ಇಲ್ಲ. ಯಾರೋ ಅದೃಷ್ಟವಶಾತ್ ಆರು ಗಂಟೆ ಮೊದಲು ಪರೀಕ್ಷೆಗೆಂದು ತೆಗೆದಿದ್ದ ಪ್ರತಿಯೊಂದು ಸಂಸ್ಥೆಯನ್ನು ಉಳಿಸಿತು. ಅವರು ನಡೆದುದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದರು ಎಂಬುದು ಅವರ ದೊಡ್ಡತನ. ನಮ್ಮ ಕಚೇರಿಗಳಲ್ಲಿ ಇಂಥದ್ದು ನಡೆದರೆ ಕಿಂಡಿಯ ಮೇಲೆ ‘ಸರ್ವರ್ ಡೌನ್’ ಎಂಬ ಚೀಟಿ ಅಂಟುತ್ತದೆ, ಅಷ್ಟೇ. ಮುಕ್ತ ತಂತ್ರಾಂಶ ಆ ಚೀಟಿಯನ್ನು ತಾನಾಗಿ ಕಿತ್ತುಹಾಕುವುದಿಲ್ಲ.

ಪರವಾನಗಿಗೆ ಉಳಿದ ಹಣ ಎಲ್ಲಿ ಹೋಗುತ್ತದೆ ಎಂಬುದನ್ನೇ ನೋಡಬೇಕು. ಅದು ನುರಿತ ನೌಕರರ ಸಂಬಳಕ್ಕೆ, ಆ ತಂತ್ರಾಂಶವನ್ನು ಬೆಳೆಸುವವರಿಗೆ ಸ್ವಲ್ಪವಾದರೂ ಹೋದರೆ ವ್ಯವಸ್ಥೆ ಬಾಳುತ್ತದೆ. ಪೋಸ್ಟ್‌ಗ್ರೆಸ್ ಮೇಲೆ ತನ್ನ ವ್ಯವಹಾರ ಕಟ್ಟಿಕೊಂಡ ಬೆಂಗಳೂರಿನ ಝೀರೋಧಾ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಸ್ಥಾಪಿಸಿದ್ದು ಅಪವಾದವೇ ಸರಿ. ಹೆಚ್ಚಿನವರು ತೆಗೆದುಕೊಂಡು ಸುಮ್ಮನಿರುತ್ತಾರೆ. ಸರ್ಕಾರಿ ಟೆಂಡರುಗಳಲ್ಲಿ ಉಳಿದ ಹಣ ಕೆಲವೊಮ್ಮೆ ಗುತ್ತಿಗೆದಾರನ ಲಾಭಕ್ಕೆ ಸೇರಿ, ಹಳೆಯ ಕಂಪನಿಯ ಬದಲು ಹೊಸ ಗುತ್ತಿಗೆದಾರನ ಅವಲಂಬನೆ ಬರುತ್ತದೆ. ಕ್ಲೌಡ್ ಕಂಪನಿಗಳು ಅದೇ ಪೋಸ್ಟ್‌ಗ್ರೆಸ್ಸನ್ನು ತಮ್ಮ ಯಂತ್ರಗಳಲ್ಲಿ ನಡೆಸಿ ಬಾಡಿಗೆಗೆ ಕೊಡುತ್ತಿರುವುದು ಅನುಕೂಲದ ಮಾತು ನಿಜ. ಆದರೆ ಹೊರಬರುವ ಬಾಗಿಲು ಎಷ್ಟು ಅಗಲವಿದೆ ಎಂದು ಒಳಹೋಗುವ ಮುನ್ನ ಅಳೆದವರು ಎಷ್ಟು ಮಂದಿ?

ಕನ್ನಡಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇದರ ಬಗ್ಗೆ ಮಾತಾಡುವವರು ಕಡಿಮೆ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಕಟ್ಟಿದ ಒಂದೂವರೆ ಲಕ್ಷ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ದೊರಕಿತು. ಅದನ್ನು ನಡೆಸುವ ತಂತ್ರಾಂಶವನ್ನು ಝೀರೋಧಾದ ಕೈಲಾಶ್ ನಾಧ್ ಬರೆದರು. ಅದರ ಅಡಿಪಾಯ ಪೋಸ್ಟ್‌ಗ್ರೆಸ್. ಕನ್ನಡ ಪದವನ್ನು ಉಚ್ಚಾರದ ಹೋಲಿಕೆಯಿಂದ ಹುಡುಕುವ ಸೂತ್ರವನ್ನೂ ಅವರೇ ಬರೆದು ಸೇರಿಸಿದರು. ಮುಚ್ಚಿದ ತಂತ್ರಾಂಶವಾಗಿದ್ದರೆ ಕನ್ನಡದ ಮಾರುಕಟ್ಟೆ ಎಷ್ಟು ಎಂದು ಕಂಪನಿ ಕೇಳುತ್ತಿತ್ತು. ಇಲ್ಲಿ ಯಾರೂ ಕೇಳಲಿಲ್ಲ.

ಆದರೆ ನಾಣ್ಯದ ಇನ್ನೊಂದು ಮುಖವೂ ಇದೆ. ‘ಹೊಲ’ ಎಂದು ಹುಡುಕಿದರೆ ‘ಹೊಲದ’, ‘ಹೊಲಕ್ಕೆ’, ‘ಹೊಲದಲ್ಲಿ’ ಎಂಬುವೂ ಸಿಗಬೇಕಾದರೆ ಪ್ರತ್ಯಯಗಳನ್ನು ಬಿಡಿಸಿ ಮೂಲಪದ ಗುರುತಿಸುವ ಸೂತ್ರ ಡೇಟಾಬೇಸಿಗೆ ಗೊತ್ತಿರಬೇಕು. ಪೋಸ್ಟ್‌ಗ್ರೆಸ್‌ನ 2019ರ ಆವೃತ್ತಿಯಲ್ಲಿ ತಮಿಳು ಮತ್ತು ನೇಪಾಳಿಗೆ, 2021ರ ಆವೃತ್ತಿಯಲ್ಲಿ ಹಿಂದಿಗೆ ಅಂಥ ಸೂತ್ರಗಳು ಬಂದವು. ಕನ್ನಡ ಆ ಪಟ್ಟಿಯಲ್ಲಿಲ್ಲ. ಯಾರೂ ಕನ್ನಡವನ್ನು ತಡೆದದ್ದಲ್ಲ, ಬರೆದುಕೊಟ್ಟವರಿಲ್ಲ. ಇದಕ್ಕೆ ಕೋಟಿಗಳ ಯೋಜನೆ ಬೇಡ. ವ್ಯಾಕರಣ ಬಲ್ಲ ಒಬ್ಬರು, ಸಂಕೇತ ಬರೆಯಬಲ್ಲ ಇಬ್ಬರು ವಿದ್ಯಾರ್ಥಿಗಳು, ಒಂದೆರಡು ವರ್ಷದ ತಾಳ್ಮೆ ಸಾಕು. ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಹೊಸಪೇಟೆಯ ಆಚೆ ಹಂಪಿಯಲ್ಲಿ ಕನ್ನಡಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಪ್ರತಿವರ್ಷ ನೂರಾರು ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್ ಹೆಸರಿನಲ್ಲಿ ಗ್ರಂಥಾಲಯ ನಿರ್ವಹಣಾ ತಂತ್ರಾಂಶವನ್ನೇ ಮತ್ತೆ ಮತ್ತೆ ಬರೆಯುತ್ತಾರೆ.

ಈ ಮಾತುಗಳನ್ನು ಈಗ ಬರೆಯಲು ಕಾರಣವಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಊರಿಗೊಂದು ಬಗೆಯ ತಂತ್ರಾಂಶವಿದ್ದು ಒಂದರ ಲೆಕ್ಕ ಮತ್ತೊಂದಕ್ಕೆ ತಿಳಿಯದ ಸ್ಥಿತಿಯೇ ಆ ಯೋಜನೆಗೆ ಮುಖ್ಯ ಕಾರಣ. ಹಳ್ಳಿಯ ಬೆಳೆಸಾಲ, ಷೇರು, ಠೇವಣಿಗಳ ಲೆಕ್ಕವೆಲ್ಲ ಒಂದೇ ತಂತ್ರಾಂಶದೊಳಗೆ ಸೇರಬೇಕು. ಸಂಘಗಳ ವಾರ್ಷಿಕ ಮಹಾಸಭೆಗಳಲ್ಲಿ ಲಾಭಾಂಶದ ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ನಮ್ಮ ಲೆಕ್ಕದ ಪೂರ್ತಿ ಪ್ರತಿ ಬೇರೆಡೆ ಎಲ್ಲಿದೆ, ಅದನ್ನು ಕಳೆದ ವರ್ಷ ಒಮ್ಮೆಯಾದರೂ ತೆರೆದು ನೋಡಿದ್ದೀರಾ, ನಾಳೆ ಈ ತಂತ್ರಾಂಶ ಬಿಡಬೇಕಾದರೆ ಮಾಹಿತಿ ಯಾವ ರೂಪದಲ್ಲಿ ನಮ್ಮ ಕೈಗೆ ಬರುತ್ತದೆ ಎಂದು ಒಬ್ಬ ಸದಸ್ಯ ಎದ್ದು ಕೇಳಿದರೂ ಕಾರ್ಯದರ್ಶಿ ಉತ್ತರ ಹುಡುಕಬೇಕಾಗುತ್ತದೆ. ನಮ್ಮ ಸಂಘದಲ್ಲಿ ಆ ಘಟನೆಯ ನಂತರ ಪ್ರತಿ ತಿಂಗಳ ಮೊದಲ ಶನಿವಾರ ಲೆಕ್ಕದ ಪ್ರತಿ ತೆಗೆದು, ಬೇರೊಂದು ಯಂತ್ರದಲ್ಲಿ ತೆರೆದು, ಹತ್ತು ಸದಸ್ಯರ ಬಾಕಿಯನ್ನು ಪಾಸ್ ಬುಕ್ಕಿನೊಂದಿಗೆ ತಾಳೆ ನೋಡುವ ಪದ್ಧತಿ ಮಾಡಿದೆವು. ತಂತ್ರಾಂಶವೂ ಈಗ ಮರಿಯಾಡಿಬಿ ಮೇಲಿದೆ. ಗುಪ್ತಪದವನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿ, ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರ ರುಜುವಿನೊಂದಿಗೆ ಸಂಘದ ತಿಜೋರಿಯಲ್ಲಿ ಇರಿಸಲಾಗಿದೆ.